ಮೂತ್ರ ಪರೀಕ್ಷೆಯಲ್ಲಿ ವಂಚನೆಯ ಪತ್ತೆ

ಮಾದಕವಸ್ತು ಅಥವಾ ಉದ್ದೀಪನ ಮದ್ದಿನ ಸೇವನೆಯನ್ನು ಮರೆಮಾಚಲು ಮೂತ್ರದ ಮಾದರಿಗೆ ನೀರು, ರಾಸಾಯನಿಕ ಬೆರೆಸಿದ್ದನ್ನು ಇಲ್ಲವೇ ಬೇರೆಯವರ ಮೂತ್ರ ಕೊಟ್ಟದ್ದನ್ನು ಪ್ರಯೋಗಾಲಯದಲ್ಲಿ ಗುರುತಿಸುವ ಕ್ರಮ. ಅಮೆರಿಕದ ಉದ್ಯೋಗ ಪರೀಕ್ಷೆಗಳಲ್ಲಿ ಕೊಟ್ಟ 4 ನಿಮಿಷದೊಳಗೆ ಮಾದರಿಯ ಬಿಸಿ 32–38 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಗಟ್ಟಿ ಸಾಕ್ಷಿ ಕ್ರಿಯಾಟಿನಿನ್. ಸ್ನಾಯುಗಳಲ್ಲಿ ಹುಟ್ಟುವ ಈ ವಸ್ತು ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುತ್ತದೆ. ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದು, ಸಾಪೇಕ್ಷ ಸಾಂದ್ರತೆಯೂ 1.003ಕ್ಕಿಂತ ಇಳಿದಿದ್ದರೆ ಮಾದರಿ ತೆಳುವಾಗಿದೆ ಎಂದರ್ಥ. ಬಿಸಿಲಲ್ಲಿ ಓಡಿ ನೀರು ಕುಡಿದವರ ಮೂತ್ರವೂ ತೆಳುವಾಗಬಹುದು. ಆದ್ದರಿಂದ ಇಷ್ಟರಿಂದಲೇ ಯಾರನ್ನೂ ವಂಚಕರೆನ್ನುವುದು ಅನ್ಯಾಯ. ಬ್ಲೀಚ್‌ನಂಥ ಉತ್ಕರ್ಷಕಗಳು, ಅತಿಯಾದ ನೈಟ್ರೈಟ್, ಅಸಹಜ ಆಮ್ಲೀಯತೆ ಕಲಬೆರಕೆಯನ್ನು ನೇರವಾಗಿ ಬಯಲಿಗೆಳೆಯುತ್ತವೆ.

ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಓಡುವವರಿಗೂ, ಬಂಟ್ವಾಳ, ಬೆಳ್ತಂಗಡಿಯಿಂದ ರಾಷ್ಟ್ರಮಟ್ಟಕ್ಕೇರುವವರಿಗೂ ಉದ್ದೀಪನ ಮದ್ದು ಪರೀಕ್ಷೆಯ ಕ್ರೀಡಾ ನಿಯಮ ಒಂದೇ. ಕ್ರೀಡಾಪಟುವಿನದೇ ಲಿಂಗದ ಅಧಿಕಾರಿಯ ಕಣ್ಣೆದುರೇ ಮಾದರಿ ಕೊಡಬೇಕು. ಅದನ್ನು ಎ, ಬಿ ಎಂಬ ಎರಡು ಬಾಟಲಿಗಳಲ್ಲಿ ಮೊಹರು ಮಾಡುತ್ತಾರೆ. ದೇಶದ ಮುಖ್ಯ ಪ್ರಯೋಗಾಲಯ ದೆಹಲಿಯಲ್ಲಿದ್ದು, 2008ರಲ್ಲಿ ಅದಕ್ಕೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ಮಾನ್ಯತೆ ಸಿಕ್ಕಿತು. ಸ್ಟೀರಾಯ್ಡ್ ವಿವರದಲ್ಲಿ ಹಳೆಯ ಮಾದರಿಗಳಿಗೂ ಹೊಸದಕ್ಕೂ ತಾಳೆಯಾಗದಿದ್ದರೆ ಡಿಎನ್‌ಎ ಪರೀಕ್ಷೆಗೂ ಅವಕಾಶವಿದೆ. ಮಾದರಿ ತಿರುಚಿದ್ದು ರುಜುವಾತಾದರೆ ಸಾಮಾನ್ಯವಾಗಿ 4 ವರ್ಷ ನಿಷೇಧ.