ಹಳೆಯ ವೀಡಿಯೋ ಫೈಲುಗಳ ರೂಪಾಂತರವೂ ಪಾಠಶೋಧನೆಯೂ

ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರೆಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಶಿಲೆಯ ಮೇಲಣ ಅಕ್ಷರವು ಕಾಗದದ ಪಡಿಯಚ್ಚಿಗೂ ಕೈಬರಹಕ್ಕೂ ಇಳಿದು, ಅಲ್ಲಿಂದ ಮುದ್ರಣಕ್ಕೆ ಬರುವಾಗ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಪಾಠವು ಕೆಡುವ ಸಂಭವವುಂಟು. ಅಂತಹ ದೋಷವು ಮೂಲದಲ್ಲಿದೆಯೋ, ಲಿಪಿಕಾರನಿಂದ ಬಂದುದೋ, ಓದುವವನಿಂದ ಬಂದುದೋ ಎಂಬುದನ್ನು ನಿರ್ಣಯಿಸುವುದೇ ಪಾಠಶೋಧನೆಯ ಮೊದಲನೆಯ ಕೆಲಸ. ಅದೇ ಜಿಲ್ಲೆಯ ದೇವಾಲಯಗಳನ್ನೂ ಉತ್ಸವಗಳನ್ನೂ ಕುರಿತ ಹಳೆಯ ವೀಡಿಯೋಗಳನ್ನು ಹೊಸ ರೂಪಕ್ಕೆ ಬರೆದಾಗ ತೋರುವ ದೋಷಗಳಿಗೂ ಈ ವಿಧಾನವೇ ಸಲ್ಲುವುದೆಂದು ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಲಿಪಿಗೂ ಭಾಷೆಗೂ ಇರುವ ಭೇದವನ್ನು ನೆನೆಯಬೇಕು. ಬೇಲೂರಿನ ಶಾಸನಗಳಲ್ಲಿ ಕನ್ನಡ ಲಿಪಿಯಲ್ಲಿಯೇ ಸಂಸ್ಕೃತ ಶ್ಲೋಕಗಳು ಕಂಡುಬರುವುವು. ಲಿಪಿಯನ್ನು ಬಲ್ಲವನೆಲ್ಲ ಅರ್ಥವನ್ನು ಬಲ್ಲನೆಂದು ಹೇಳಲಾಗದು. ಹಾಗೆಯೇ ವೀಡಿಯೋ ಫೈಲಿನ ಹೆಸರಿನ ಕೊನೆಯಲ್ಲಿರುವ ‘ಎವಿಐ’ ಎಂಬುದು ಹೊರಗಣ ಕರಂಡವನ್ನು ಮಾತ್ರ ಸೂಚಿಸುವುದು. ಒಳಗಿರುವ ಚಿತ್ರವು ಸಿನೆಪಾಕ್, ಇಂಡಿಯೋ, ಡಿವಿ ಮೊದಲಾದ ಯಾವ ಕೋಡೆಕ್ಕಿನಲ್ಲಿ ಬರೆಯಲ್ಪಟ್ಟಿದೆಯೋ ಅದನ್ನು ಬೇರೆಯಾಗಿಯೇ ತಿಳಿಯಬೇಕು. 1992ರಲ್ಲಿ ಎವಿಐ, 1993ರಲ್ಲಿ ಎಂಪೆಗ್-1ನ್ನು ಆಶ್ರಯಿಸಿದ ವೀಡಿಯೋ ಸಿಡಿ, 1995ರಲ್ಲಿ ಡಿವಿ ಟೇಪು, 2003ರಲ್ಲಿ ಎಚ್.264, ಹೀಗೆ ಹತ್ತು ಹನ್ನೆರಡು ವರ್ಷಗಳೊಳಗೆ ರೂಪಗಳು ಒಂದರ ಮೇಲೊಂದು ಬಂದುವು. ಹೊಸ ಯಂತ್ರವು ಹಳೆಯ ಕೋಡೆಕ್ಕನ್ನು ಅರಿಯದೆ ಧ್ವನಿಯನ್ನು ಮಾತ್ರ ಕೇಳಿಸಿ ಚಿತ್ರವನ್ನು ತೋರಿಸದಿದ್ದರೆ, ಫೈಲು ನಾಶವಾಯಿತೆಂದು ಭಾವಿಸುವುದು ಅವಿಚಾರವು. ಅದು ಓದುವವನ ಅಜ್ಞಾನವೇ ಹೊರತು ಶಿಲೆಯ ದೋಷವಲ್ಲ.

ಇನ್ನು ಲಿಪಿಕಾರನ ದೋಷಗಳನ್ನು ವಿಚಾರಿಸೋಣ. ಭಾರತದಲ್ಲಿ ಬಳಕೆಗೆ ಬಂದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಅವುಗಳಲ್ಲಿ ಪ್ರತಿಯೊಂದೂ ಬೆಸ ಗೆರೆಗಳದೊಂದು, ಸರಿ ಗೆರೆಗಳದೊಂದು, ಹೀಗೆ ಎರಡು ಅರ್ಧಚಿತ್ರಗಳಾಗಿ ದಾಖಲಾಗುವುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯುದ್ದಕ್ಕೂ ಆನೆ, ಸಿಂಹ, ಲತೆ, ಕುದುರೆಗಳ ಪಟ್ಟಿಕೆಗಳಿರುವುದಷ್ಟೆ. ಅವುಗಳ ಮೇಲೆ ಕ್ಯಾಮರಾ ಸರಿದುಹೋದ ದೃಶ್ಯವನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಆನೆಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳೆದ್ದರೆ, ಎರಡು ಕ್ಷಣಗಳ ಅರ್ಧಚಿತ್ರಗಳನ್ನು ಒಂದೇ ಚಿತ್ರವೆಂದು ಓದಿದುದೇ ಕಾರಣವು. ಚಿತ್ರವು ಮುಂದೆ ಹೋಗಿ ಹಿಂದೆ ಬಂದಂತೆ ನಡುಗಿದರೆ ಅರ್ಧಚಿತ್ರಗಳ ಕ್ರಮವು ತಿರುಗಿದೆಯೆಂದು ತಿಳಿಯಬೇಕು. ಪಾಲ್ ಪದ್ಧತಿಯ ಡಿವಿಯಲ್ಲಿ ಕೆಳಗಣ ಗೆರೆಗಳು ಮೊದಲು ಬರುವುವು. ಮೇಲಣವು ಮೊದಲೆಂದು ನಂಬಿ ಬರೆದ ಪ್ರತಿಯಲ್ಲಿ ಈ ನಡುಕವು ತಪ್ಪದೆ ತೋರುವುದು.

ಆಕಾರದ ದೋಷವನ್ನು ಪರೀಕ್ಷಿಸಲು ಅರಸೀಕೆರೆಯ ಈಶ್ವರ ದೇವಾಲಯಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯಲಾರದು. ಸುಮಾರು 1220ರ ಈ ದೇವಾಲಯದ ಮುಂದಣ ಮಂಟಪವು ಹದಿನಾರು ಮೂಲೆಗಳ ನಕ್ಷತ್ರಾಕಾರದಲ್ಲಿದೆ. ಅದರ ಗುಂಬಜದಂತಹ ಭುವನೇಶ್ವರಿಯು ಕೆಳಗಿನಿಂದ ನೋಡಿದಾಗ ದುಂಡಾಗಿ ಕಾಣುವುದು. ಡಿವಿ ಚಿತ್ರವು 720ಕ್ಕೆ 576 ಪಿಕ್ಸೆಲುಗಳದು. ಆ ಪಿಕ್ಸೆಲುಗಳು ಚೌಕವಲ್ಲ. ಅವನ್ನು ಚೌಕವೆಂದೆಣಿಸಿದರೆ ದುಂಡಾದುದು ನೀಳವಾಗುವುದು. 4:3ರ ಚಿತ್ರವನ್ನು 16:9ಕ್ಕೆ ಎಳೆದರೆ ಅಡ್ಡಲಾಗಿ ಚಪ್ಪಟೆಯಾಗುವುದು. ಇಂತಹ ಪ್ರತಿಯನ್ನು ನಂಬಿ ಅಳತೆಯನ್ನು ಹೇಳುವ ವಾಸ್ತುವಿಮರ್ಶಕನು ಶಿಲ್ಪಿಯ ಮೇಲೆ ಇಲ್ಲದ ತಪ್ಪನ್ನು ಹೊರಿಸಿದಂತಾಗುವುದು.

ಬೇಲೂರಿನ ನವರಂಗದಲ್ಲಿ ಬೆಳಕು ಜಾಲಂಧ್ರಗಳ ಮೂಲಕ ಮಂದವಾಗಿ ಬರುವುದು. ವೀಡಿಯೋದಲ್ಲಿ ಕಪ್ಪಿಗೆ 16, ಬಿಳುಪಿಗೆ 235 ಎಂಬ ಮಿತಿಯಿದೆ; ಕಂಪ್ಯೂಟರಿನ ಚಿತ್ರಗಳಲ್ಲಿ ಅದು 0 ಮತ್ತು 255. ಈ ಹಿಗ್ಗಿಸುವಿಕೆಯನ್ನು ಎರಡು ಸಲ ಮಾಡಿದರೆ ಕಂಬಗಳ ನೆರಳೆಲ್ಲವೂ ಕಾಡಿಗೆಯಾಗುವುದು. ಮಾಡದೆಯೇ ಬಿಟ್ಟರೆ ಕಪ್ಪು ಶಿಲೆಯು ಬೂದಿ ಬಳಿದಂತೆ ಕಾಣುವುದು.

ಧ್ವನಿಯು ತುಟಿಯ ಚಲನೆಗೆ ಹೊಂದದಿದ್ದರೆ ಅಂತರವು ಒಂದೇ ಸಮನಾಗಿದೆಯೋ ಬೆಳೆಯುತ್ತಿದೆಯೋ ಎಂದು ನೋಡಬೇಕು. ಸಮನಾಗಿದ್ದರೆ ಧ್ವನಿಯ ಆರಂಭವನ್ನು ಸರಿಸಿದರೆ ಸಾಕು. ಬೆಳೆಯುತ್ತಿದ್ದರೆ ವೇಗವೇ ಬೇರೆಯಾಗಿದೆ. ಸೆಕೆಂಡಿಗೆ 24 ಚಿತ್ರಗಳ ಫಿಲ್ಮನ್ನು ಪಾಲ್ ಟೇಪಿಗೆ 25ರ ವೇಗದಲ್ಲಿ ಇಳಿಸುವುದು ರೂಢಿಯಾಗಿತ್ತು. ಅಂತಹ ಟೇಪಿನ ಧ್ವನಿಯನ್ನು 24ರ ವೇಗದ ಚಿತ್ರಕ್ಕೆ ಜೋಡಿಸಿದರೆ ಒಂದು ಗಂಟೆಯಲ್ಲಿ 2 ನಿಮಿಷ 24 ಸೆಕೆಂಡಿನಷ್ಟು ಅಂತರ ಬೀಳುವುದು, ಶ್ರುತಿಯೂ ಏರಿರುವುದು.

ಈ ಪರೀಕ್ಷೆಯ ಕ್ರಮಕ್ಕೆ ಬೇಲೂರಿನ ಐತಿಹ್ಯವೊಂದು ಒಳ್ಳೆಯ ನಿದರ್ಶನವಾಗಿದೆ. ಜಕಣಾಚಾರಿಯು ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ಡಂಕಣನು ಹೇಳಲು, ಮೈಗೆಲ್ಲ ಗಂಧವನ್ನು ಲೇಪಿಸಿದರಂತೆ. ನಾಭಿಯ ಹತ್ತಿರ ಹೊರತು ಉಳಿದೆಡೆಯೆಲ್ಲ ಗಂಧವು ಒಣಗಿತು. ಅಲ್ಲಿ ಉಳಿ ಹಾಕಲು ಕಪ್ಪೆ ಹೊರಬಿದ್ದಿತು. ಕಪ್ಪೆ ಚೆನ್ನಿಗರಾಯನ ಈ ಕಥೆಯು ಇತಿಹಾಸವಲ್ಲ. ಆದರೆ ಉಳಿಯನ್ನು ಎತ್ತುವ ಮೊದಲು ಒದ್ದೆಯಿರುವ ಸ್ಥಳವನ್ನು ಗುರುತಿಸಬೇಕೆಂಬ ನೀತಿಯು ಅದರಲ್ಲಿದೆ. ವೀಡಿಯೋದ ವಿಷಯದಲ್ಲಿ ಲೇಪವು ಮೂರು ಬಗೆಯದು. ಹೊಸ ಫೈಲನ್ನು ವಿಎಲ್‌ಸಿಯಂತಹ ಬೇರೊಂದು ಪ್ಲೇಯರಿನಲ್ಲಿಯೂ ಬೇರೊಂದು ಯಂತ್ರದಲ್ಲಿಯೂ ನೋಡಬೇಕು. ದೋಷವು ಮಾಯವಾದರೆ ಅದು ಓದುವವನದು. ಹಳೆಯ ಫೈಲನ್ನೇ ನೋಡಬೇಕು. ಅಲ್ಲಿಯೂ ದೋಷವಿದ್ದರೆ ಅದು ಮೂಲದ್ದು. ಹಳೆಯದರಲ್ಲಿ ಇಲ್ಲದೆ ಹೊಸದರಲ್ಲಿ ಎಲ್ಲೆಡೆಯೂ ತೋರಿದರೆ ಅದು ಲಿಪಿಕಾರನದು. ಆಗ ಮೂಲದಿಂದ ಒಂದು ನಿಮಿಷದ ಭಾಗವನ್ನು ತೆಗೆದುಕೊಂಡು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಬರೆದು ನೋಡತಕ್ಕದ್ದು. ಕೆಟ್ಟ ಪ್ರತಿಯನ್ನೇ ತಿದ್ದಿ ಮತ್ತೊಂದು ಪ್ರತಿ ಮಾಡುವುದು ಸಲ್ಲದು. ಅದರಿಂದ ಮೊದಲಿನ ದೋಷಗಳು ಉಳಿದು, ಹೊಸ ನಷ್ಟವು ಸೇರುವುದು.

ಇಷ್ಟೆಲ್ಲವೂ ಮೂಲವು ಉಳಿದಿದ್ದರೆ ಮಾತ್ರ ಸಾಧ್ಯ. ಪ್ರತಿಯು ಯಂತ್ರದಲ್ಲಿ ಒಮ್ಮೆ ಓಡಿದ ಕೂಡಲೆ ಹಳೆಯ ಟೇಪನ್ನು ಎಸೆಯುವುದೂ ಹಳೆಯ ಫೈಲನ್ನು ಅಳಿಸುವುದೂ ಈಗ ಸಾಮಾನ್ಯವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ರೈಸ್ ಅವರ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸತೊಡಗಿದಾಗ, ಸಂದೇಹವಿದ್ದೆಡೆ ಮರಳಿ ನೋಡುವುದಕ್ಕೆ ಕಲ್ಲು ಇದ್ದಿತು. ಮೊದಲನೆಯ ಮುದ್ರಣವಾದೊಡನೆ ಕಲ್ಲುಗಳನ್ನು ಒಡೆದುಹಾಕಿದ್ದರೆ ಅಂದಿನ ತಪ್ಪೇ ಎಂದೆಂದಿಗೂ ಪಾಠವಾಗಿ ನಿಲ್ಲುತ್ತಿದ್ದಿತು. ಕಾಂತಲೇಪದ ಟೇಪಿಗೆ ಬಳಪದ ಕಲ್ಲಿನ ಆಯುಸ್ಸಿಲ್ಲ. ಆದುದರಿಂದ ಪ್ರತಿಯನ್ನು ಮಾಡಲೇಬೇಕು. ಆದರೆ ಮೂಲದ ಫೈಲನ್ನು ಬದಲಿಸದೆ ಎರಡು ಸ್ಥಳಗಳಲ್ಲಿ ಇಟ್ಟು, ಯಾವ ಕ್ರಮದಿಂದ ಪ್ರತಿ ಮಾಡಿದೆವೆಂಬುದನ್ನು ಅದರ ಸಂಗಡ ಬರೆದಿಡುವುದು ಅವಶ್ಯಕವು. ಮುಂದೆ ಬರುವ ಶೋಧಕನು ನಮ್ಮ ತಪ್ಪನ್ನು ಕಂಡುಹಿಡಿಯುವುದಕ್ಕೆ ಅವಕಾಶವನ್ನು ಉಳಿಸುವುದು ನಮ್ಮ ಕರ್ತವ್ಯವಾಗಿದೆ.