ಓಪನ್ ಚಾಂಪಿಯನ್‌ಷಿಪ್ ಬಾಜಿ

ಗಾಲ್ಫ್‌ನ ನಾಲ್ಕು ಮೇಜರ್ ಪಂದ್ಯಾವಳಿಗಳಲ್ಲಿ ಅತ್ಯಂತ ಹಳೆಯದಾದ, 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಆರಂಭವಾದ ಓಪನ್ ಚಾಂಪಿಯನ್‌ಷಿಪ್‌ನ ವಿಜೇತರ ಮೇಲೆ ಹಣ ಕಟ್ಟುವುದು. ಬ್ರಿಟನ್ನಿನಲ್ಲಿ ಬಾಜಿ ಅಂಗಡಿಗಳು 1961ರಿಂದ ಕಾನೂನುಬದ್ಧವಾಗಿವೆ.

ಕಣದಲ್ಲಿ 156 ಆಟಗಾರರಿರುವುದರಿಂದ ಫೇವರಿಟ್ ಎನಿಸಿದವನೂ ಸೋಲುವ ಸಂಭವವೇ ಹೆಚ್ಚು. ದರಗಳು ಎತ್ತರದಲ್ಲಿರಲು ಇದೇ ಕಾರಣ. ಕಡಲಂಚಿನ ಲಿಂಕ್ಸ್ ಮೈದಾನಗಳಲ್ಲಿ ಗಾಳಿ ಗಂಟೆಗಂಟೆಗೂ ದಿಕ್ಕು ಬದಲಿಸುತ್ತದೆ. ಬೆಳಗಿನ ತಂಡಕ್ಕೆ ಶಾಂತ ಹವೆ, ಮಧ್ಯಾಹ್ನದವರಿಗೆ ಬಿರುಗಾಳಿ ಸಿಕ್ಕರೆ ಅರ್ಧ ಕಣವೇ ಹಿಂದೆ ಬೀಳಬಹುದು. ಆಟಗಾರನ ಹೆಸರಿನಷ್ಟೇ ಅವನ ಆರಂಭದ ಸಮಯವನ್ನೂ ನೋಡುವುದು ವಿವೇಕ.

ಇಂಥ ಬಾಜಿಯ ಅತ್ಯಂತ ಪ್ರಸಿದ್ಧ ಉದಾಹರಣೆ ಉತ್ತರ ಐರ್ಲೆಂಡಿನದು. ಹದಿಹರೆಯದ ರೋರಿ ಮೆಕಿಲ್‌ರಾಯ್ ಹತ್ತು ವರ್ಷದೊಳಗೆ ಓಪನ್ ಗೆಲ್ಲುತ್ತಾನೆಂದು ತಂದೆ 2004ರಲ್ಲಿ 500ಕ್ಕೆ 1ರ ದರದಲ್ಲಿ 200 ಪೌಂಡ್ ಕಟ್ಟಿದರು. 2014ರಲ್ಲಿ ಹಾಯ್ಲೇಕ್‌ನಲ್ಲಿ ಮಗ ಗೆದ್ದಾಗ ಅದು 1 ಲಕ್ಷ ಪೌಂಡ್ ತಂದಿತು. ಮಗನ ಮೇಲಿನ ಇಂಥ ಭರವಸೆಗೆ ಸಮನಾದುದು ಬಾಜಿಯ ಇತಿಹಾಸದಲ್ಲಿ ವಿರಳ.

‘ಈಚ್-ವೇ’ ಬಾಜಿಯಲ್ಲಿ ಹಣದ ಅರ್ಧ ಗೆಲುವಿಗೆ, ಉಳಿದರ್ಧ ಮೊದಲ ಕೆಲವು ಸ್ಥಾನಗಳಿಗೆ ಸಲ್ಲುತ್ತದೆ. ಸ್ಥಾನಕ್ಕೆ ಸಿಗುವುದು ಸಾಮಾನ್ಯವಾಗಿ ಪೂರ್ಣ ದರದ ನಾಲ್ಕನೆಯ ಅಥವಾ ಐದನೆಯ ಒಂದು ಪಾಲು. ಐದು ಸ್ಥಾನಗಳಿಗೆ ಹಣವಿದ್ದು ಐದನೆಯದನ್ನು ಮೂವರು ಹಂಚಿಕೊಂಡರೆ, ಸ್ಥಾನಕ್ಕೆ ಕಟ್ಟಿದ ಮೊತ್ತದ ಮೂರನೆಯ ಒಂದು ಭಾಗಕ್ಕಷ್ಟೇ ಲಾಭ. ಮೊದಲ ಸ್ಥಾನಕ್ಕೆ ಈ ತೊಡಕಿಲ್ಲ. ಪ್ಲೇ-ಆಫ್ ಒಬ್ಬನನ್ನೇ ವಿಜೇತನೆಂದು ನಿರ್ಣಯಿಸುತ್ತದೆ. ಮೊದಲ ಹೊಡೆತ ಹೊಡೆದ ಮೇಲೆ ಆಟಗಾರ ಹಿಂದೆ ಸರಿದರೆ ಹಣ ಮರಳುವುದಿಲ್ಲ.