ದತ್ತಸಂಚಯದ ಪ್ರಶ್ನೆ: ಚೌಕಪಟ್ಟಿಯೋ, ಕೈಬರಹವೋ?

ದತ್ತಸಂಚಯದಿಂದ ಬೇಕಾದ ಮಾಹಿತಿಯನ್ನು ಹೊರತೆಗೆಯಲು ಎರಡು ಮಾರ್ಗಗಳಿವೆ. ಎಸ್‌ಕ್ಯೂಎಲ್ ಭಾಷೆಯಲ್ಲಿ ಆದೇಶವನ್ನು ಕೈಯಾರೆ ಬರೆಯುವುದು ಒಂದು. ಪರದೆಯ ಮೇಲೆ ಕೋಷ್ಟಕಗಳನ್ನು ಗೆರೆಯೆಳೆದು ಜೋಡಿಸಿ, ಚೌಕಗಳಲ್ಲಿ ಷರತ್ತುಗಳನ್ನು ತುಂಬುವುದು ಇನ್ನೊಂದು. ಎರಡರ ತವರೂ ಐಬಿಎಂ ಸಂಸ್ಥೆಯೇ ಎಂಬುದು ಸ್ವಾರಸ್ಯಕರ. ಎಸ್‌ಕ್ಯೂಎಲ್‌ನ ಮೂಲರೂಪವಾದ ‘ಸೀಕ್ವೆಲ್’ ಅನ್ನು ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದರು. ಅದೇ ದಶಕದ ನಡುಭಾಗದಲ್ಲಿ ಮೋಶೆ ಜ್ಲೂಫ್ ‘ಕ್ವೆರಿ ಬೈ ಎಕ್ಸಾಂಪಲ್’ ರೂಪಿಸಿದರು. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್‌ನ ಚೌಕಪಟ್ಟಿ ಇದೇ ವಂಶದ್ದು.

ಚೌಕಪಟ್ಟಿಯಲ್ಲಿ ಕೋಷ್ಟಕದ ಹೆಸರು ತಪ್ಪಾಗದು, ನಿಜ. ಆದರೆ ಗ್ರಾಹಕರ ಮತ್ತು ಬಿಲ್ಲುಗಳ ಕೋಷ್ಟಕಗಳ ನಡುವೆ ಗೆರೆ ಎಳೆಯಲು ಮರೆತರೆ 500 ಗ್ರಾಹಕರು, 2000 ಬಿಲ್ಲುಗಳು ಸೇರಿ 10 ಲಕ್ಷ ಸಾಲುಗಳು ಹೊರಬೀಳುತ್ತವೆ. ಇದು ಕಣ್ಣಿಗೆ ಬೀಳುವ ತಪ್ಪು. ಬೀಳದ ತಪ್ಪುಗಳೇ ಅಪಾಯಕಾರಿ. ಆಕ್ಸೆಸ್‌ನಲ್ಲಿ ಒಂದೇ ಸಾಲಿನ ಷರತ್ತುಗಳಿಗೆ ‘ಮತ್ತು’ ಎಂಬ ಅರ್ಥ, ಬೇರೆ ಸಾಲಿನವಕ್ಕೆ ‘ಅಥವಾ’. ಮೈಸೂರು ಅಥವಾ ಹಾಸನದಲ್ಲಿ 5000 ರೂ. ಮೀರಿದ ಬಾಕಿದಾರರನ್ನು ಹುಡುಕುವವರು ಮೊತ್ತವನ್ನು ಮೈಸೂರಿನ ಸಾಲಿನಲ್ಲಷ್ಟೇ ಬರೆದರೆ, ಹಾಸನದಲ್ಲಿ 50 ರೂ. ಬಾಕಿಯಿರುವವರಿಗೂ ನೋಟಿಸು ಹೋದೀತು. ಗಣಕವು ಯಾವ ದೋಷವನ್ನೂ ಸೂಚಿಸದು.

ಕೈಬರಹದಲ್ಲೂ ಆವರಣ ಚಿಹ್ನೆ ಬಿಟ್ಟರೆ ಇದೇ ಗತಿ. ಆದರೆ ಅಲ್ಲಿ ಆದೇಶ ಇಡಿಯಾಗಿ ಕಣ್ಣೆದುರಿಗಿದ್ದು, ಮತ್ತೊಬ್ಬರು ಓದಿ ತಿದ್ದಬಹುದು. ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಸೇರಿಸುವ ‘ಯೂನಿಯನ್’ ಅನ್ನಂತೂ ಆಕ್ಸೆಸ್‌ನಲ್ಲಿ ಬರೆದೇ ತೀರಬೇಕು. ಚೌಕಪಟ್ಟಿಯನ್ನು ನೆಚ್ಚಿದವರಿಗೂ ಒಂದು ಅನುಕೂಲವುಂಟು: ‘ಎಸ್‌ಕ್ಯೂಎಲ್ ವ್ಯೂ’ ತೆರೆದರೆ, ಚೌಕಗಳ ಹಿಂದೆ ಸಿದ್ಧವಾದ ಆದೇಶವನ್ನು ನೋಟಿಸು ಕಳುಹಿಸುವ ಮುನ್ನ ಓದಿಕೊಳ್ಳಬಹುದು.